ಆಲ್ಬಮ್ಮಿನಲ್ಲಿ ಅಪ್ಪನಿಗೊಂದು ಜಾಗ

“ಅಕ್ಕಾರ, ಒಂದು ಸಣ್ಣ ಕೆಲಸ ಐತ್ರಿ” ಎಂದು ಹುಬ್ಬಳ್ಳಿಯ ಫೋಟೋಗ್ರಾಫರ್ ಫೋನಿನಲ್ಲಿ ಅಂದಾಗಲೇ ನಾನು ಎಚ್ಚರಾಗಬೇಕಿತ್ತು. ಅವನ ಬಾಯಲ್ಲಿ ದೊಡ್ಡ ಕೆಲಸ ಎಂಬ ಮಾತು ನಾನು ಎಂದೂ ಕೇಳಿಲ್ಲ. ಕಣ್ಣು ಮುಚ್ಚಿದ ಮದುಮಗನ ಕಣ್ಣು ತೆರೆಸುವುದೂ ಸಣ್ಣ ಕೆಲಸ, ಸಿಟ್ಟಿನಿಂದ ಫೋಟೋಕ್ಕೆ ಬಾರದೆ ಕುಳಿತ ಬೀಗಿತಿಯನ್ನು ಬೇರೆ ಫೋಟೋದಿಂದ ಕತ್ತರಿಸಿ ತಂದು ನಗುನಗುತ್ತ ನಿಲ್ಲಿಸುವುದೂ ಸಣ್ಣ ಕೆಲಸ.

ಮದುವೆ ಆಲ್ಬಂ ಜೋಡಿಸುವುದು ನನ್ನ ಉದ್ಯೋಗ. ಫೋಟೋ ತೆಗೆಯುವವರು ಬೇರೆ, ಮುದ್ರಿಸುವವರು ಬೇರೆ. ನಡುವೆ ಕುಳಿತು ಅವನ್ನು ಪುಟಗಳಿಗೆ ಹೊಂದಿಸಿ, ಒಂದು ಚಿತ್ರದ ಅಂಚನ್ನು ಇನ್ನೊಂದರೊಳಗೆ ಕರಗಿಸಿ, ಮೇಲೆ ಮಿನುಗುವ ಅಕ್ಷರ ಬರೆದು ಕಳಿಸುವವಳು ನಾನು. ಮೊದಲು ಧಾರವಾಡದ ಒಂದು ಖಾಸಗಿ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ಮಕ್ಕಳಿಗೆ ಬಣ್ಣಕ್ಕಿಂತ ಗಣಿತ ಮುಖ್ಯವೆಂದು ಆಡಳಿತ ಮಂಡಳಿಗೆ ಅನ್ನಿಸಿ ಚಿತ್ರಕಲೆಯ ಪಿರಿಯಡ್ಡು ತೆಗೆದುಹಾಕಿದರು. ನಾನು ಕಂಪ್ಯೂಟರ್ ಕಲಿತು ಮನೆಯ ಹಿಂದಿನ ಕೋಣೆಯಲ್ಲಿ ಕುಳಿತೆ. ಆ ಕೋಣೆಯ ಕಿಟಕಿಗೆ ದಪ್ಪ ಪರದೆ ಹಾಕಿದ್ದೇನೆ, ಯಾಕೆಂದರೆ ಬಿಸಿಲು ಬಿದ್ದರೆ ಕಂಪ್ಯೂಟರಿನ ಮೇಲಿನ ಮುಖಗಳ ಬಣ್ಣ ತಿಳಿಯುವುದಿಲ್ಲ. ಹಗಲಿಡೀ ಕತ್ತಲಲ್ಲಿ ಕುಳಿತು ಯಾರ್ಯಾರದೋ ಮದುವೆ ನೋಡುವುದು ನನ್ನ ಹಣೆಬರಹ.

“ಹುಡುಗಿ ತಂದಿ ತೀರಿ ಹೋಗ್ಯಾರ್ರಿ, ಆಕಿ ಭಾಳ ಸಣ್ಣಾಕಿದ್ದಾಗ. ಸ್ಟೇಜಿನ ಮ್ಯಾಲಿನ ಫ್ಯಾಮಿಲಿ ಫೋಟೋದಾಗ ಅವರನ್ನ ಸೇರಿಸಬೇಕಂತ. ಎರಡು ಲೇಯರ್ರಿ, ಮುಗೀತು.”

ಲೇಯರ್ ಎಂದರೆ ಪದರ. ಗಾಜಿನ ಮೇಲೊಂದು ಗಾಜು ಇಟ್ಟಂತೆ ಚಿತ್ರದ ಮೇಲೆ ಚಿತ್ರ ಇಡುತ್ತ ಹೋಗುವುದು. ಒಂದು ಪದರದಲ್ಲಿ ಮನುಷ್ಯ, ಮೇಲಿನದರಲ್ಲಿ ಅವನ ಮೇಲೆ ಬೀಳಬೇಕಾದ ಬೆಳಕು, ಕೆಳಗಿನದರಲ್ಲಿ ಅವನ ನೆರಳು, ಅದರ ಕೆಳಗೆ ಅವನು ನಿಲ್ಲಬೇಕಾದ ನೆಲ. ಎರಡೇ ಪದರದಲ್ಲಿ ಯಾವ ಕೆಲಸವೂ ಈವರೆಗೆ ಮುಗಿದಿಲ್ಲ. ಇದನ್ನು ಫೋಟೋಗ್ರಾಫರನಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಮನೆಯವರು ಅಮರಗೋಳದವರು. ಅಲ್ಲಿಯ ಮಾರುಕಟ್ಟೆಯಲ್ಲಿ ಕಾಳು, ಮೆಣಸಿನಕಾಯಿ ಅಂಗಡಿ. ಮದುಮಗಳ ತಂದೆ ತೀರಿದ ಮೇಲೆ ಅವರ ತಮ್ಮ, ಎಂದರೆ ಹುಡುಗಿಯ ಕಾಕಾ, ಅಂಗಡಿಯನ್ನೂ ನಡೆಸಿ, ಆಕೆಯನ್ನೂ ಓದಿಸಿ, ಮದುವೆಯನ್ನೂ ಮಾಡಿದ್ದರು. ವೇದಿಕೆಯ ಫೋಟೋದಲ್ಲಿ ಮದುಮಗಳ ಪಕ್ಕದಲ್ಲಿ ಆಕೆಯ ತಾಯಿ, ತಾಯಿಯ ಪಕ್ಕದಲ್ಲಿ ಒಂದಿಷ್ಟು ಜಾಗ ಬಿಟ್ಟು ಕಾಕಾ. ಬಿಳಿ ಅಂಗಿ, ಬಿಳಿ ಧೋತರ, ತಲೆಗೆ ಕೇಸರಿ ಪಟಗ. ಆ ಬಿಟ್ಟ ಜಾಗ ಬೇಕೆಂದೇ ಬಿಟ್ಟದ್ದು ಎಂದು ಫೋಟೋಗ್ರಾಫರ್ ಹೇಳಿದ.

“ನಾನ ನಿಂದರ್ಸೇನ್ರಿ ಹಂಗ. ನಿಮಗ ಅನುಕೂಲ ಆಗ್ಲಿ ಅಂತ.”

ಅನುಕೂಲವೇನೋ ಸರಿ. ತಂದೆಯ ಫೋಟೋ ಎಲ್ಲಿ? ಇದ್ದದ್ದು ಒಂದೇ. ಮಾರುಕಟ್ಟೆಯ ಹಳೆಯ ಗುರುತಿನ ಚೀಟಿಯಿಂದ ಬಿಡಿಸಿದ ಬೆರಳುಗುರಿನಷ್ಟು ಚಿತ್ರ. ಕೊರಳಿನಿಂದ ಕೆಳಗೆ ಇಲ್ಲ. ಎಡ ಕೆನ್ನೆಯ ಮೇಲೆ ಜಾಂಬಳಿ ಬಣ್ಣದ ಶಿಕ್ಕೆಯ, ಎಂದರೆ ಕಚೇರಿಯ ಮೊಹರಿನ, ಕಮಾನು. ಅವರ ಮದುವೆಯ ಫೋಟೋ ಇರಲೇಬೇಕಲ್ಲ ಎಂದು ಕೇಳಿದರೆ, ಇತ್ತಂತೆ, ಆದರೆ ಅದರಲ್ಲಿ ಬಾಸಿಂಗದ ಹೂವಿನ ಎಳೆಗಳು ಇಳಿಬಿದ್ದು ಮೂಗಿನ ತುದಿ ಬಿಟ್ಟರೆ ಏನೂ ಕಾಣುವುದಿಲ್ಲವಂತೆ. ಆಮೇಲೆ ಆ ಮನುಷ್ಯ ಕ್ಯಾಮೆರಾ ಎದುರು ನಿಂತದ್ದೇ ಇಲ್ಲ.

ಆ ಚಿಕ್ಕ ಚಿತ್ರವನ್ನು ದೊಡ್ಡದು ಮಾಡಿದೆ. ಮುಖ ಹೋಗಿ ಬರೀ ಚೌಕಗಳು ಬಂದವು. ಕಣ್ಣು ಇರಬೇಕಾದ ಕಡೆ ಒಂದು ಕಂದು ಚೌಕ, ಮೀಸೆ ಇರಬೇಕಾದ ಕಡೆ ಒಂದು ಸಾಲು. ಫೋನ್ ಮಾಡಿ, “ಇದರಾಗ ಏನೂ ಆಗೂದಿಲ್ಲಪಾ” ಅಂದೆ.

“ಅಕ್ಕಾರ, ಗಾಬರಿ ಆಗಬ್ಯಾಡ್ರಿ. ನನ್ನ ಮೊಬೈಲಿನ್ಯಾಗ ಒಂದು ಆ್ಯಪ್ ಐತ್ರಿ. ಎಂಥಾ ಫೋಟೋ ಕೊಟ್ರೂ ತಿಕ್ಕಿ ತೊಳದು ಕೊಡತೈತಿ. ಮಾಡಿ ಕಳಸೇನಿ, ನೋಡ್ರಿ.”

ನೋಡಿದೆ. ತಿಕ್ಕಿ ತೊಳೆದ ಮುಖವೇ ಬಂದಿತ್ತು. ಶಿಕ್ಕೆ ಇಲ್ಲ, ಕಲೆ ಇಲ್ಲ, ಹೊಳೆಯುವ ಕಣ್ಣು, ಬಾಚಿದ ಮೀಸೆ, ಸಮ ಹುಬ್ಬು. ರೆಪ್ಪೆಯ ಕೂದಲು ಕೂಡ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಇಲ್ಲದ್ದನ್ನು ಅದು ಎಲ್ಲಿಂದ ತಂದಿತು ಎಂದು ನನಗೆ ಕಸಿವಿಸಿಯಾಯಿತು. ಆದರೆ ಆ ಮನುಷ್ಯನನ್ನು ನಾನು ಕಂಡವಳಲ್ಲ. ಮನೆಯವರಿಗೆ ತೋರಿಸು ಎಂದು ಫೋಟೋಗ್ರಾಫರನಿಗೆ ಹೇಳಿದೆ. ಅವನು ಮದುಮಗಳಿಗೆ ಕಳಿಸಿದ. ಆಕೆ ಆ ಮುಖ ನೋಡಿ ಅತ್ತಳಂತೆ. “ಅಪ್ಪಾ ಎಷ್ಟು ಚಂದ ಅದಾರು” ಅಂದಳಂತೆ. ಅದನ್ನೇ ತನ್ನ ಮೊಬೈಲಿನ ಪರದೆಗೆ ಹಾಕಿಕೊಂಡಳಂತೆ. ಇನ್ನು ನಾನು ಬೇಡ ಅನ್ನಲು ಯಾರು?

ಮುಖ ಸಿಕ್ಕಿತು, ದೇಹ ಬೇಕಲ್ಲ. ಅದಕ್ಕೂ ಫೋಟೋಗ್ರಾಫರನ ಹತ್ತಿರ ಉತ್ತರವಿತ್ತು. “ಕಾಕಾರ ಇನ್ನೊಂದು ಫೋಟೋ ತಗೊಂಡು ಅವರ ಮೈಗೆ ಕೂಡಸ್ರಿ. ಅಣ್ಣ ತಮ್ಮ, ಒಂದ ಅಳತಿ ಇರ್ತಾರ.”

ಹಾಗೆಯೇ ಮಾಡಿದೆ. ಕಾಕಾ ಒಬ್ಬರೇ ನಿಂತ ಚಿತ್ರವೊಂದನ್ನು ತೆಗೆದುಕೊಂಡು, ಬಾಹ್ಯರೇಖೆ ಕತ್ತರಿಸಿ, ಆ ಖಾಲಿ ಜಾಗದಲ್ಲಿ ನಿಲ್ಲಿಸಿದೆ. ಮೇಲೆ ತೊಳೆದ ಮುಖ ಇಟ್ಟೆ. ಅಲ್ಲಿಂದ ನನ್ನ ಪೀಡೆ ಶುರುವಾಯಿತು. ಕಲ್ಯಾಣ ಮಂಟಪದಲ್ಲಿ ವಿಡಿಯೋದವರ ದೀಪ ಎಡಗಡೆಯಿಂದ ಬೀಳುತ್ತಿತ್ತು, ಎಲ್ಲರ ಬಲ ಕೆನ್ನೆಗೆ ನೆರಳು. ತಂದೆಯ ಮುಖಕ್ಕೆ ಮಾತ್ರ ನೆರಳೇ ಇಲ್ಲ, ಗೋಡೆಗೆ ಅಂಟಿಸಿದ ಕಾಗದದ ಹಾಗೆ. ಅದಕ್ಕೊಂದು ಪದರ ಸೇರಿಸಿ ಬಲಗೆನ್ನೆ ಕಪ್ಪಾಗಿಸಿದೆ. ಗಡ್ಡ ಬಿಟ್ಟಂತೆ ಕಂಡಿತು. ತಿಳಿಮಾಡಿದೆ, ಕಾಮಾಲೆಯವರಂತೆ ಹಳದಿ ತಿರುಗಿತು. ಕೊರಳು ಮತ್ತು ಮುಖ ಕೂಡುವಲ್ಲಿ ಒಂದು ಗೆರೆ. ಅದನ್ನು ಮೆದುವಾದ ಕುಂಚದಿಂದ ಒರೆಸಿದರೆ ಅಂಗಿಯ ಕಾಲರೂ ಜೊತೆಗೆ ಒರೆಸಿಹೋಗುತ್ತಿತ್ತು. ಪಟಗದ ಕೇಸರಿ ಛಾಯೆ ಹಣೆಗೆ ಬೀಳಬೇಕು, ಬೀಳಿಸಿದರೆ ಕುಂಕುಮ ಬಳಿದಂತೆ. ನಡುವೆ ಕರೆಂಟು ಹೋಯಿತು. ಯುಪಿಎಸ್ ಒಂದೆರಡು ಸಲ ಕೂಗಿ ತಾನೂ ಮಲಗಿತು. ಬೆಳಗಿನಿಂದ ಮಾಡಿದ್ದರಲ್ಲಿ ಅರ್ಧ ಉಳಿದಿರಲಿಲ್ಲ. ಅಡುಗೆಮನೆಯಿಂದ ನನ್ನ ಯಜಮಾನರು ಬಂದು, “ಊಟಾ ಮಾಡಿ ಕೂಡು. ಅವರೇನು ಓಡಿ ಹೋಗ್ತಾರೇನು?” ಅಂದರು. ಸತ್ತವರ ಬಗ್ಗೆ ಹಾಗೆ ಅಂದಿದ್ದಕ್ಕೆ ತಮಗೇ ಕೆಡುಕೆನಿಸಿ ನಾಲಗೆ ಕಚ್ಚಿಕೊಂಡರು. ನನಗೆ ಅಷ್ಟು ಸಿಟ್ಟಿನಲ್ಲೂ ನಗು ಬಂತು.

ಅಕ್ಷರದ ಕಥೆ ಬೇರೆ. ಚಿತ್ರದ ಕೆಳಗೆ ‘ತಂದೆಯವರ ಆಶೀರ್ವಾದ’ ಎಂದು ಬರೆಯಬೇಕು, ಬಂಗಾರದ ಹಾಗೆ ಹೊಳೆಯಬೇಕು, ಉಬ್ಬಿರಬೇಕು, ಕೆಳಗೆ ನೆರಳು ಬೀಳಬೇಕು ಎಂದು ಆಜ್ಞೆಯಾಗಿತ್ತು. ಹೊಳಪು, ಉಬ್ಬು, ನೆರಳು ಇವೆಲ್ಲ ಒಂದು ಗುಂಡಿ ಒತ್ತಿದರೆ ಬರುತ್ತವೆ. ಬಾರದಿರುವುದು ಕನ್ನಡ. ಈ ಸಾಫ್ಟ್‌ವೇರಿಗೆ ಜಗತ್ತಿನ ಎಲ್ಲ ವಿದ್ಯೆ ಗೊತ್ತು, ಅರ್ಕಾವತ್ತು ಎಲ್ಲಿ ಕೂಡಬೇಕು ಎಂಬುದೊಂದು ಗೊತ್ತಿಲ್ಲ. ‘ರ್ವಾ’ ಒಡೆದು ‘ರ’ ಒಂದು ಕಡೆ, ‘ವಾ’ ಇನ್ನೊಂದು ಕಡೆ, ನಡುವೆ ತಲೆಕಟ್ಟೊಂದು ಅನಾಥವಾಗಿ ನಿಲ್ಲುತ್ತದೆ. ಫಾಂಟ್ ಬದಲಿಸಿದರೆ ‘ಶೀ’ಯ ದೀರ್ಘ ಹಾರಿಹೋಗುತ್ತದೆ. ಬೇರೆ ಕಡೆ ಬರೆದು ಚಿತ್ರವಾಗಿಸಿ ತಂದು ಅಂಟಿಸಿದರೆ ಸರಿಯಾಗುತ್ತದೆ, ಆದರೆ ಆಮೇಲೆ ಒಂದಕ್ಷರ ತಿದ್ದಬೇಕೆಂದರೂ ಮೊದಲಿನಿಂದ. ಶಾಲೆಯಲ್ಲಿ ನಾನು ಫಲಕದ ಮೇಲೆ ಸೀಮೆಸುಣ್ಣದಿಂದ ಒಂದೇ ಏಟಿಗೆ ಬರೆಯುತ್ತಿದ್ದ ಪದ ಅದು. ಅದಕ್ಕಾಗಿ ಒಂದು ಮಧ್ಯಾಹ್ನ ಹೋಯಿತು.

ಅಂತೂ ಒಂದು ರೂಪಕ್ಕೆ ತಂದು ಕಳಿಸಿದೆ. ಮರುದಿನ ಮದುಮಗಳ ಫೋನ್. ದನಿಯಲ್ಲಿ ಸಂಭ್ರಮವಿತ್ತು.

“ಆಂಟಿ, ಭಾಳ ಛಲೋ ಬಂದೈತ್ರಿ. ನಾ ಅನ್ಕೊಂಡಂಗ ಬಂದೈತಿ. ಏನೂ ಬದಲಿ ಮಾಡಬ್ಯಾಡ್ರಿ.”

ಫೋನ್ ಕೆಳಗಿಟ್ಟು ಚಹಾ ಕುಡಿಯುವಷ್ಟರಲ್ಲಿ ಇನ್ನೊಂದು ಫೋನ್. ಗಂಡು ದನಿ, ನಿಧಾನ, ಒತ್ತಿ ಒತ್ತಿ ಆಡುವ ಮಾತು.

“ನಮಸ್ಕಾರ್ರಿ ಅಕ್ಕಾರ. ನಾನು ಹುಡುಗಿ ಕಾಕಾ ಮಾತಾಡೂದು. ಒಂದು ವಿನಂತಿ ಇತ್ರಿ. ಆ ಫೋಟೋದಾಗ ನನ್ನನ್ನ ತಗದುಬಿಡ್ರಿ.”

“ಯಾಕ್ರಿ? ನೀವು ಇರಬೇಕಲ್ರಿ ಅಲ್ಲೆ.”

“ಇಲ್ರಿ. ಅಣ್ಣ ಇದ್ದಿದ್ರ ನಾ ಹಿಂದ ಇರ್ತಿದ್ದೆ. ಅಣ್ಣ ಬಂದ ಮ್ಯಾಲೆ ನಾ ಅಲ್ಲೆ ಮುಂದ ನಿಂದರೂದು ಬರೋಬ್ಬರಿ ಅಲ್ಲ. ಅದು ಅವನ ಜಾಗಾರಿ. ನಾ ಇಷ್ಟು ವರ್ಷ ಕಾದ್ಕೊಂಡು ಕುಂತಿದ್ದೆ, ಅಷ್ಟ.”

ಹುಡುಗಿಯನ್ನು ಕೇಳಿ ಹೇಳುತ್ತೇನೆ ಅಂದೆ. ಹುಡುಗಿಗೆ ಫೋನ್ ಮಾಡಿದರೆ ಆಕೆ ಸಿಡಿದಳು. “ಕಾಕಾನ್ನ ತಗದ್ರ ನನಗ ಆ ಆಲ್ಬಮ್ಮ ಬ್ಯಾಡ್ರಿ!” ಸಂಜೆ ಮತ್ತೆ ಕಾಕಾ. “ಆಕಿಗೆ ಹೇಳಬ್ಯಾಡ್ರಿ, ಸುಮ್ನ ತಗೀರಿ.” ಮರುದಿನ ಹುಡುಗಿ. “ಕಾಕಾ ಏನರ ಫೋನ್ ಮಾಡಿದ್ರೇನ್ರಿ? ಅವರ ಮಾತು ಕೇಳಬ್ಯಾಡ್ರಿ ಮತ್ತ.” ನಡುನಡುವೆ ಫೋಟೋಗ್ರಾಫರ್. “ಲಗೂ ಮುಗಸ್ರಿ ಅಕ್ಕಾರ, ಲ್ಯಾಬಿನವರು ಕಾಯಾಕತ್ತಾರ.” ಕಾಕಾರನ್ನು ತೆಗೆದದ್ದೊಂದು, ಇಟ್ಟದ್ದೊಂದು, ಸ್ವಲ್ಪ ಹಿಂದೆ ಸರಿಸಿದ್ದೊಂದು, ಹೀಗೆ ಒಂದೇ ಕುಟುಂಬದ ಎಷ್ಟೋ ರೂಪಗಳು ನನ್ನ ಕಂಪ್ಯೂಟರಿನಲ್ಲಿ ತುಂಬಿದವು. ಒಂದು ಸಲ ಯಾವುದು ಯಾವುದೆಂದು ತಿಳಿಯದೆ ಕಾಕಾರ ಮೈ ಎರಡು ಕಡೆ, ತಲೆ ಒಂದೂ ಕಡೆ ಇಲ್ಲದ ಪುಟವನ್ನು ನೋಡುತ್ತ ಕುಳಿತಿದ್ದೆ. ಬಣ್ಣದ ಪಿರಿಯಡ್ಡು ತೆಗೆದವರ ಮೇಲೆ ಅಂದು ಬಂದಷ್ಟು ಸಿಟ್ಟು ಮೊದಲು ಬಂದಿರಲಿಲ್ಲ.

ಕೊನೆಗೆ ನಾನೇ ಹೇಳಿದೆ. “ಫೋನಿನ್ಯಾಗ ಇದು ಬಗಿಹರಿಯೂದಿಲ್ಲ. ಎಲ್ಲಾರೂ ಕೂಡಿ ನಮ್ಮ ಮನಿಗೆ ಬರ್ರಿ. ಪರದೆ ಮ್ಯಾಲೆ ದೊಡ್ಡದಾಗಿ ತೋರಸ್ತೇನಿ. ಒಂದು ತೀರ್ಮಾನ ಮಾಡ್ರಿ.”

ಅವರು ಒಂದು ರವಿವಾರ ಮುಂಜಾನೆ ಬಂದರು. ಕಾಕಾ, ಮದುಮಗಳು, ಜೊತೆಗೆ ಆಕೆಯ ತಾಯಿ. ತಾಯಿಗೆ ಇದಾವುದೂ ಗೊತ್ತಿರಲಿಲ್ಲ. ಆಲ್ಬಂ ಕೈಗೆ ಬಂದಾಗ ಒಮ್ಮೆಲೇ ತೋರಿಸಬೇಕೆಂದು ಮಗಳು ಮುಚ್ಚಿಟ್ಟಿದ್ದಳಂತೆ. ಆದರೆ ಮಗಳೂ ಮೈದುನನೂ ಮನೆಯಲ್ಲಿ ಮಾತು ಬಿಟ್ಟು ಕುಳಿತದ್ದನ್ನು ಕಂಡು, ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿ, ತಾವೂ ಬಂದುಬಿಟ್ಟಿದ್ದರು. ಕಡು ಹಸಿರು ಇಳಕಲ್ಲ ಸೀರೆ, ತಲೆ ತುಂಬ ಸೆರಗು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕತ್ತಲ ಕೋಣೆಯನ್ನು ನೋಡಿ, “ದೀಪಾ ಹಚ್ಚೂದಿಲ್ಲೇನವಾ ಇಲ್ಲೆ?” ಎಂದು ನನ್ನನ್ನು ಕೇಳಿದರು.

ನಾನು ಚಿತ್ರ ತೆರೆದೆ. ಮದುಮಗಳು ತಾಯಿಯ ಭುಜದ ಮೇಲೆ ಕೈ ಇಟ್ಟು ಕಾದಳು. ಕಾಕಾ ಬೇರೆ ಕಡೆ ನೋಡುತ್ತಿದ್ದರು.

ಆ ತಾಯಿ ಬಹಳ ಹೊತ್ತು ನೋಡಿದರು. ಮುಂದೆ ಬಾಗಿದರು. ಆಮೇಲೆ ನನ್ನತ್ತ ತಿರುಗಿ, ಸಹಜವಾಗಿ, ಬೀಗರ ಕಡೆಯವರ ಗುರುತು ಕೇಳುವ ಹಾಗೆ ಕೇಳಿದರು.

“ಇವರ್ಯಾರು?”

ಮದುಮಗಳು ಮೆಲ್ಲಗೆ, “ಅವ್ವಾ, ಅಪ್ಪಾ ಅದು” ಅಂದಳು.

“ಅಲ್ಲವಾ. ಇವರು ಅವರಲ್ಲ.”

“ಸರಿ ನೋಡಬೇ.”

“ನೋಡೀನಿ. ಅವರ ಒಂದು ಹುಬ್ಬು ಮ್ಯಾಲಿತ್ತು, ಒಂದು ಕೆಳಗಿತ್ತು. ಯಾವಾಗ್ಲೂ ಏನೋ ಕೇಳಾಕತ್ತವರಂಗ ಕಾಣತಿದ್ರು. ಎಡಗಲ್ಲದ ಮ್ಯಾಲೆ ದೇವಿಬ್ಯಾನಿ ಕಲಿ ಇದ್ದವು. ಇವರು ಯಾರೋ ಛಲೋ ಮನುಷ್ಯಾರು. ಆದ್ರ ಅವರಲ್ಲ.”

ನಾನು ಕಾಕಾರ ಮುಖ ನೋಡಿದೆ. ಅವರು ತಲೆ ತಗ್ಗಿಸಿ, “ನನಗೂ ಹಂಗ ಅನ್ಸಿತ್ರಿ” ಅಂದರು. “ಕೂಸು ಅಷ್ಟು ಖುಷಿ ಆಗಿತ್ತು. ಹೆಂಗ ಹೇಳ್ಲಿ?”

ಮದುಮಗಳು ತನ್ನ ಮೊಬೈಲ್ ತೆಗೆದು ಅದರ ಮೇಲಿದ್ದ ಮುಖ ನೋಡಿದಳು. ಆಕೆಗೆ ಅಪ್ಪನ ನೆನಪು ಹೆಚ್ಚಿಲ್ಲ. ಹೆಗಲ ಮೇಲೆ ಕೂರಿಸಿಕೊಂಡದ್ದು, ಮೆಣಸಿನಕಾಯಿ ಘಾಟಿನ ಅಂಗಿ, ಅಷ್ಟೇ. ಇಷ್ಟು ದಿನ ಬೆಳಗೆದ್ದು ನೋಡುತ್ತಿದ್ದ ಆ ಮುಖವನ್ನೇ ಅಪ್ಪ ಎಂದು ಕೂಡಿಸಿಕೊಂಡಿದ್ದಳು. ಈಗ ಅದನ್ನು ಏನು ಮಾಡಬೇಕೆಂದು ತಿಳಿಯದೆ ಮೊಬೈಲನ್ನು ಬೋರಲು ಮಾಡಿ ತೊಡೆಯ ಮೇಲಿಟ್ಟುಕೊಂಡಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಆ ಆ್ಯಪನ್ನು ನಾನು ಮನಸ್ಸಿನಲ್ಲೇ ಬೈದೆ. ಹೊಳೆಯುವ ರೆಪ್ಪೆಗೂದಲು ತಂದುಕೊಟ್ಟ ಅದು, ಇದ್ದ ಸಿಡುಬಿನ ಕಲೆಗಳನ್ನು ಶಿಕ್ಕೆಯ ಜೊತೆಗೇ ತೊಳೆದುಹಾಕಿತ್ತು.

ಮೂಲ ಚಿತ್ರ ತೆರೆದು ತೋರಿಸಿದೆ. ಚೌಕಗಳಾಗದಷ್ಟು ಮಾತ್ರ ದೊಡ್ಡದು ಮಾಡಿ. ಆ ತಾಯಿ ಕೂಡಲೇ ಸೆರಗು ಸರಿಮಾಡಿಕೊಂಡರು.

“ಹಾಂ. ಇವರು.”

“ಆದ್ರ ಇದನ್ನ ಅಲ್ಲೆ ಕೂಡಸಲಿಕ್ಕೆ ಬರೂದಿಲ್ರಿ” ಎಂದು ನಾನು ವಿವರಿಸಿದೆ. “ಎಲ್ಲಾರ ಮುಖಾ ಸ್ಪಷ್ಟ ಅದಾವು. ಇವರದೊಂದು ಮಂಜು ಮಂಜು ಕಾಣತದ. ಎದ್ದು ಕಾಣತದ, ಅಸಹ್ಯ ಆಗತದ. ಏನು ಮಾಡ್ಲಿ ಹೇಳ್ರಿ.”

ಮಾಡಿಯೇ ತೋರಿಸಿದೆ. ವೇದಿಕೆಯ ಬೆಳಕಿನಲ್ಲಿ, ಜರಿ ಸೀರೆಗಳ ನಡುವೆ, ಆ ಮಸುಕು ಮುಖ ಹೊಗೆಯ ಹಾಗೆ ನಿಂತಿತು. ಮಗಳು ಬೇಡವೆಂದು ತಲೆ ಅಲ್ಲಾಡಿಸಿದಳು. ನಾನು ಸೋತೆ ಅನ್ನಿಸಿತು. ಇಷ್ಟು ದಿನದ ಕೆಲಸ ನೀರಿಗೆ ಹಾಕಿದ ಹಾಗಾಗಿತ್ತು. ಎದ್ದು ಎಲ್ಲರಿಗೂ ಚಹಾ ಮಾಡಲು ಹೋದೆ, ಅಲ್ಲಿ ನಿಂತಿರಲಾರದೆ.

ಚಹಾ ತಂದಾಗ ತಾಯಿ ಮಗಳಿಗೆ ಹೇಳುತ್ತಿದ್ದರು. “ಅವರು ಅಲ್ಲೆ ಮ್ಯಾಲೆ ಎಲ್ಲೆ ನಿಂದರತಿದ್ರವಾ? ಯಾರ ಮದುವ್ಯಾಗೂ ಸ್ಟೇಜ ಏರಿದವರಲ್ಲ. ಫೋಟೋಕ್ಕ ಕರದ್ರ ಕಳ್ಳಬಿದ್ದು ಹೋಗತಿದ್ರು. ಹೋಗಿ ಪಂಕ್ತಿಯೊಳಗ ಬಕೆಟ್ ಹಿಡದು ಬಡಸತಿದ್ರು. ಎಲ್ಲಾರದೂ ಊಟಾ ಆಗೂತನಾ ಆ ಕಡೆ ಬರತಿರಲಿಲ್ಲ. ನಿನ್ನ ಮದುವ್ಯಾಗೂ ಅಲ್ಲೇ ಇರ್ತಿದ್ರು.”

ಚಹಾದ ಕಪ್ಪು, ಬಸಿ ಕೆಳಗಿಟ್ಟು ನಾನು ಮತ್ತೆ ಕುರ್ಚಿಗೆ ಕುಳಿತೆ. ಊಟದ ಫೋಟೋಗಳನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಆಲ್ಬಮ್ಮಿನಲ್ಲಿ ಅವಕ್ಕೆ ಕಡೆಯ ಪುಟ, ಯಾರೂ ನೋಡದ ಪುಟ. ಒಂದೊಂದಾಗಿ ತೆರೆಯುತ್ತ ಹೋದೆ. ಒಂದರಲ್ಲಿ ಮದುಮಗಳು, ಮದುಮಗ ಎದುರು ಬದುರು ಎಲೆಗೆ ಕುಳಿತು ನಗುತ್ತಿದ್ದಾರೆ. ಕ್ಯಾಮೆರಾ ಅವರಿಬ್ಬರ ಮೇಲೆಯೇ ನೆಟ್ಟಿದ್ದರಿಂದ ಹಿಂದಿನ ಪಂಕ್ತಿಗಳೆಲ್ಲ ಮಸುಕು. ಆ ಮಸುಕಿನಲ್ಲಿ, ಕಂಬದ ಪಕ್ಕ, ಬಿಳಿ ಅಂಗಿಯ ಬಡಿಸುವವರೊಬ್ಬರು ಬಕೆಟ್ ಹಿಡಿದು ಈ ಕಡೆ ತಿರುಗಿ ನಿಂತಿದ್ದರು.

“ಇವರು ಯಾರ್ರಿ?” ಎಂದು ಕೇಳಿದೆ.

“ಅಡಗಿಯವರ ಕಡೆಯವರು ಇರಬೇಕ್ರಿ” ಅಂದರು ಕಾಕಾ.

ಗುರುತಿನ ಚೀಟಿಯ ಮುಖವನ್ನು, ಶಿಕ್ಕೆಯನ್ನಷ್ಟೇ ತೆಗೆದು, ಚಿಕ್ಕದಾಗಿಯೇ ಅಲ್ಲಿ ಇಟ್ಟೆ. ಆ ಚಿತ್ರದಲ್ಲಿ ಮುಖ ಇರಬೇಕಾದದ್ದೇ ಅಷ್ಟು ಚಿಕ್ಕದು. ಇರಬೇಕಾದದ್ದೇ ಅಷ್ಟು ಮಸುಕು. ಹಿಂದೆ ಟ್ಯೂಬ್‌ಲೈಟಿನ ಚಪ್ಪಟೆ ಬೆಳಕು, ಯಾರ ಕೆನ್ನೆಗೂ ನೆರಳಿರಲಿಲ್ಲ. ಕೊರಳ ಹತ್ತಿರ ಒಂದೆರಡು ಸಲ ಕುಂಚ ಆಡಿಸಿದೆ, ಬಣ್ಣ ಸ್ವಲ್ಪ ತಣ್ಣಗೆ ಮಾಡಿದೆ. ಅಷ್ಟೇ. ವಾರಗಟ್ಟಲೆ ನನ್ನ ಜೊತೆ ಜಗಳಾಡಿದ ಆ ಮನುಷ್ಯ ಯಾವ ತಕರಾರೂ ಇಲ್ಲದೆ ಅಲ್ಲಿ ಹೋಗಿ ನಿಂತರು. ಒಂದು ಹುಬ್ಬು ಮೇಲೆ, ಒಂದು ಹುಬ್ಬು ಕೆಳಗೆ. ಮಗಳ ಕಡೆ ನೋಡುತ್ತ, ಇನ್ನೇನು ಬೇಕು ಎಂದು ಕೇಳುವವರ ಹಾಗೆ.

ಮಗಳು ಬಾಯಿ ಮುಚ್ಚಿಕೊಂಡಳು. “ಆಂಟಿ, ಮುಂದ ತರಬ್ಯಾಡ್ರಿ. ಅಲ್ಲೇ ಇರ್ಲಿ” ಅಂದಳು. ವೇದಿಕೆಯ ಫೋಟೋದಲ್ಲಿ ಕಾಕಾ ಇದ್ದಲ್ಲೇ ಉಳಿದರು. ಆ ಖಾಲಿ ಜಾಗ ಕಾಣದಂತೆ ಅವರನ್ನು ಅತ್ತಿಗೆಯ ಕಡೆ ಸ್ವಲ್ಪ ಸರಿಸಿದೆ. ಅಣ್ಣ ಅಲ್ಲಿ ನಿಲ್ಲುವವನಲ್ಲ ಎಂದಾದ ಮೇಲೆ ಅವರೂ ಒಪ್ಪಿದರು. ಬಂಗಾರದ ‘ತಂದೆಯವರ ಆಶೀರ್ವಾದ’ವನ್ನು ತೆಗೆದುಹಾಕಲು ತಾಯಿಯೇ ಹೇಳಿದರು. “ಬಡಸವರ ಕೆಳಗ ಯಾರರ ಹೆಸರು ಬರೀತಾರೇನವಾ?”

ಇಲ್ಲಿಗೆ ಮುಗಿದಿದ್ದರೆ ಈ ಕೆಲಸದ ಮೇಲೆ ನನಗೆ ಒಂದಿಷ್ಟು ಪ್ರೀತಿ ಉಳಿಯುತ್ತಿತ್ತು.

ಪುಟಗಳನ್ನೆಲ್ಲ ಫೋಟೋಗ್ರಾಫರನಿಗೆ ಕಳಿಸಿದೆ. ಹುಡುಗಿಯ ತಂದೆ ಈಗ ಊಟದ ಪುಟದಲ್ಲಿದ್ದಾರೆ, ಅದನ್ನು ಮುಟ್ಟಬೇಡ ಎಂದು ಬಾಯಿಬಿಟ್ಟು ಹೇಳಿದ್ದೆ. ಹತ್ತಾರು ದಿನ ಬಿಟ್ಟು ಬೇರೆ ಕೆಲಸಕ್ಕೆ ಹುಬ್ಬಳ್ಳಿಗೆ ಹೋದವಳು ಅವನ ಸ್ಟುಡಿಯೋಕ್ಕೆ ಹೊಕ್ಕೆ. ಆಲ್ಬಂ ಮುದ್ರಣವಾಗಿ ಬಂದು ಟೇಬಲ್ಲಿನ ಮೇಲಿತ್ತು. ಕಡೆಯ ಪುಟ ತೆರೆದೆ. ಮದುಮಗಳು ನಗುತ್ತಿದ್ದಳು, ಮದುಮಗ ನಗುತ್ತಿದ್ದ. ಹಿಂದೆ ಕಂಬದ ಪಕ್ಕ, ಆ ಮೂಲೆಯ ತುಂಬ, ಉಬ್ಬಿದ ಬಂಗಾರದ ಇಂಗ್ಲಿಷ್ ಅಕ್ಷರಗಳಲ್ಲಿ ‘ಹ್ಯಾಪಿ ಮೊಮೆಂಟ್ಸ್’ ಎಂದಿತ್ತು. ಅದಕ್ಕೊಂದು ಮಿಂಚು, ಅದಕ್ಕೊಂದು ನೆರಳು. ಬಕೆಟ್ಟಿನ ತಳ ಮಾತ್ರ ಕೆಳಗೆ ಕಾಣುತ್ತಿತ್ತು.

“ಏನಿದು?”

“ಆ ಮೂಲಿ ಖಾಲಿ ಖಾಲಿ ಕಾಣತಿತ್ರಿ ಅಕ್ಕಾರ. ಹಿಂದ ಯಾರೋ ಬಡಸವ ಬ್ಯಾರೆ ಅಡ್ಡ ಬಂದಿದ್ದ. ಅದಕ್ಕ ಒಂದು ಎಫೆಕ್ಟ್ ಒಗದೆ.”

ನನಗೆ ಮೈಯೆಲ್ಲ ಉರಿಯಿತು. “ಆ ಬಡಸವರ ಸಲುವಾಗೇ ನಾ ಇಷ್ಟು ದಿನಾ ಕೂತಿದ್ದೆ. ಹುಡುಗಿ ತಂದಿ ಅವರು!” ಎಂದು ಕೂಗಿದೆ. ಫೋಟೋ ತೆಗೆಸಿಕೊಳ್ಳಲು ಬಂದು ಕುಳಿತವರು ತಿರುಗಿ ನೋಡಿದರು. ಅವನು ಪುಟವನ್ನು ನೋಡಿದ, ನನ್ನನ್ನು ನೋಡಿದ.

“ಸ್ಟೇಜಿನ ಮ್ಯಾಲೆ ಇದ್ರಲ್ರಿ ಅವರು?”

“ನಾ ಹೇಳಿದ್ದು ಕೇಳಸ್ಕೊಂಡಿದ್ರ ತಿಳೀತಿತ್ತು.”

“ಬೈಂಡ್ ಆಗೈತ್ರಿ ಅಕ್ಕಾರ. ಒಂದು ಪುಟಾ ಬದಲಿ ಮಾಡಾಕ ಬರಂಗಿಲ್ಲ.”

“ಹಂಗಾರ ಎಲ್ಲಾ ಬದಲಿ ಮಾಡು. ಇದು ಅವರ ಮನಿಗೆ ಹೋದ್ರ ಇನ್ನ ಮ್ಯಾಲೆ ನಿನ್ನ ಒಂದು ಆಲ್ಬಮ್ಮೂ ನಾ ಮುಟ್ಟೂದಿಲ್ಲ.”

ಅವನು ಗೊಣಗಿದ, ಲ್ಯಾಬಿನವರಿಗೆ ಫೋನ್ ಮಾಡಿದ, ಮತ್ತೆ ಗೊಣಗಿದ. ನಾನು ಅಲ್ಲೇ ಕುಳಿತು ಅವನ ಕಂಪ್ಯೂಟರಿನಲ್ಲಿ ಆ ಅಕ್ಷರದ ಪದರವನ್ನು ನನ್ನ ಕೈಯಾರೆ ಅಳಿಸಿ, ಇನ್ನು ಯಾರೂ ಬಿಡಿಸಲಾರದಂತೆ ಎಲ್ಲ ಪದರಗಳನ್ನೂ ಒಂದಾಗಿ ಬೆಸೆದು, ಅವನು ಲ್ಯಾಬಿಗೆ ಕಳಿಸುವವರೆಗೆ ಏಳಲಿಲ್ಲ.

ಎರಡನೆಯ ಸಲ ಬಂದ ಆಲ್ಬಂ ತಲುಪಿಸಲು ಅವನ ಜೊತೆ ನಾನೂ ಅಮರಗೋಳಕ್ಕೆ ಹೋದೆ. ಹೋಗುವ ಅಗತ್ಯವಿರಲಿಲ್ಲ. ಆದರೆ ದಾರಿಯಲ್ಲಿ ಅವನು ಅದಕ್ಕೆ ಇನ್ನೇನು ಒಗೆಯುತ್ತಾನೋ ಎಂಬ ಭಯ. ಮದುಮಗಳು ಗಂಡನ ಮನೆಯಿಂದ ಬಂದಿದ್ದಳು. ಕಾಕಾ ಅಂಗಡಿಯಿಂದ ಊಟಕ್ಕೆ ಬಂದವರು ಕೈ ತೊಳೆದು, ಒರೆಸಿಕೊಂಡು, ಕನ್ನಡಕ ಹಾಕಿ ಪುಟ ತಿರುವಿದರು. ವೇದಿಕೆಯ ಪುಟ ಬೇಗ ದಾಟಿಸಿದರು. ಕಡೆಯ ಪುಟಕ್ಕೆ ಬಂದು ನಿಂತರು. ಕನ್ನಡಕ ತೆಗೆದು ಮತ್ತೆ ಹಾಕಿದರು. ಅತ್ತಿಗೆ ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಅಕ್ಕಾರ,” ಅಂದರು ಕಾಕಾ, “ಇದು ಎದರ ಬಕೆಟ್ರಿ?”

ನಾನು ಬಾಗಿ ನೋಡಿದೆ. “ಸಾರಿಂದು ಕಾಣತದ್ರಿ. ಸೌಟು ಉದ್ದ ಅದ.”

“ಅಣ್ಣ ಸಾರು ಎಂದೂ ಬಡಸಾಂವ ಅಲ್ರಿ. ಹುಗ್ಗಿ ಬಕೆಟ್ ಬಿಟ್ಟು ಬ್ಯಾರೆ ಯಾವದೂ ಹಿಡೀತಿರಲಿಲ್ಲ. ಗೋದಿ ಹುಗ್ಗಿ. ಒಲ್ಲೆ ಅಂದವರಿಗೂ ಎಲಿ ತುಂಬ ಹಾಕಾಂವ.” ಬಕೆಟ್ಟಿನ ಮೇಲೆ ಬೆರಳಿಟ್ಟು ಕೇಳಿದರು. “ಅದನ್ನ ಹುಗ್ಗಿ ಮಾಡಾಕ ಬರತೈತೇನ್ರಿ?”

ಫೋಟೋಗ್ರಾಫರ್ ಬಾಯಿ ತೆರೆಯುವುದರೊಳಗೆ, ಬೆಸೆದ ಪದರ ಮತ್ತೆ ಬಿಚ್ಚಲಿಕ್ಕೆ ಬರುವುದಿಲ್ಲವೆಂದು ನಾನೇ ಹೇಳಿದೆ. ಹೇಳುವಾಗ ಅಳು ಬಂತೋ ಸಿಟ್ಟು ಬಂತೋ ನನಗೆ ತಿಳಿಯಲಿಲ್ಲ. ಇಷ್ಟೆಲ್ಲ ಆದ ಮೇಲೂ ಒಂದು ತಪ್ಪು ಉಳಿದೇ ಇತ್ತಲ್ಲ!

“ಇರಲಿ ಬಿಡ್ರಿ” ಎಂದು ಬಾಗಿಲಲ್ಲಿದ್ದ ತಾಯಿ ಮೈದುನನಿಗೆ ಹೇಳಿದರು. “ಅವತ್ತು ಹುಗ್ಗಿ ತೀರಿದ ಮ್ಯಾಲೆ ಸಾರು ಹಿಡದಿರಬೇಕು.”

ಮಗಳು ಜೋರಾಗಿ ನಕ್ಕಳು. ಕಾಕಾ ಕೂಡ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಆಮೇಲೆ ಎಲ್ಲರೂ ಸೇರಿ ನಮ್ಮಿಬ್ಬರನ್ನೂ ಊಟಕ್ಕೆ ಎಬ್ಬಿಸಿದರು.